ಕರಣೆ ಯಾರ ಕೈಗೆ?

ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿ ಪತ್ರಿಕೆಯಲ್ಲಿ ಬಂದ ದಿನ ಹತ್ತನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸುತ್ತಾರೆ. ಗಣಿತ ಯಾವತ್ತು, ವಿಜ್ಞಾನ ಯಾವತ್ತು ಎಂದು ಹುಡುಕುವ ಕಣ್ಣು ಅದೇ ಪಟ್ಟಿಯ ಇನ್ನು ಕೆಲವು ಸಾಲುಗಳ ಮೇಲೆ ನಿಲ್ಲುವುದೇ ಇಲ್ಲ. ಎಂಜಿನಿಯರಿಂಗ್ ಗ್ರಾಫಿಕ್ಸ್, ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮೂಲಾಂಶಗಳು ಕಿರಿಯ ತಾಂತ್ರಿಕ ಶಾಲೆಗಳ ಮಕ್ಕಳಿಗೆ. ಐಟಿ, ರೀಟೇಲ್, ಆಟೊಮೊಬೈಲ್, ಹೆಲ್ತ್‌ಕೇರ್, ಬ್ಯೂಟಿ ಆ್ಯಂಡ್ ವೆಲ್‌ನೆಸ್ ಮುಂತಾದವು ತೃತೀಯ ಭಾಷೆಯ ಬದಲು ವೃತ್ತಿ ವಿಷಯ ಆರಿಸಿಕೊಂಡವರಿಗೆ. ಕಾರು ರಿಪೇರಿಗೆ ಜಾಗವಿದೆ, ಅಂಗಡಿಯಲ್ಲಿ ನಿಂತು ಮಾರುವುದಕ್ಕೆ ಜಾಗವಿದೆ, ಫೇಶಿಯಲ್ ಮಾಡುವುದಕ್ಕೂ ಇದೆ. ನಾನು ನೋಡಿದ ಪಟ್ಟಿಗಳಲ್ಲಿ ಮನೆ ಕಟ್ಟುವುದಕ್ಕೆ ಮಾತ್ರ ಇರಲಿಲ್ಲ. ಬೇಸಾಯ ಬಿಟ್ಟರೆ ಈ ದೇಶದಲ್ಲಿ ಅತಿ ಹೆಚ್ಚು ಜನರ ಹೊಟ್ಟೆ ಹೊರೆಯುವ ಕೆಲಸಗಳಲ್ಲಿ ಅದೂ ಒಂದು. ಅದಕ್ಕೆ ಪಾಠ ಬೇಕು ಎಂದು ಯಾರಿಗೂ ಹೊಳೆದಂತಿಲ್ಲ.

ಇರಬೇಕಿತ್ತು ಎಂದರೆ ಎರಡು ಬಗೆಯ ಉತ್ತರ ಬರುತ್ತದೆ. ಮೊದಲನೆಯದು ಮಧ್ಯಮವರ್ಗದ್ದು: ಗಾರೆ ಕೆಲಸಕ್ಕೆ ಶಾಲೆ ಯಾಕೆ, ಶಾಲೆ ಬಿಟ್ಟವರು ಹೋಗುವುದೇ ಅಲ್ಲಿಗಲ್ಲವೇ? ಎರಡನೆಯದು ಸರ್ಕಾರದ್ದು, ಸಂಘ ಸಂಸ್ಥೆಗಳದ್ದು, ಕಂಪನಿಗಳ ಸಿಎಸ್ಆರ್ ವಿಭಾಗದವರದ್ದು: ಖಂಡಿತ ಕಲಿಸಬೇಕು, ಓದು ತಲೆಗೆ ಹತ್ತದ ಬಡ ಮಕ್ಕಳಿಗೆ ಕೈಯಲ್ಲೊಂದು ಕಸುಬಿದ್ದರೆ ಬದುಕಿಕೊಳ್ಳುತ್ತಾರೆ. ಒಂದು ತಿರಸ್ಕಾರದ ಮಾತು, ಇನ್ನೊಂದು ಕನಿಕರದ ಮಾತು. ಆದರೆ ಎರಡೂ ಒಂದೇ ನಂಬಿಕೆಯ ಮೇಲೆ ನಿಂತಿವೆ. ಕಟ್ಟುವುದು ತಲೆಯ ಕೆಲಸವಲ್ಲ, ಅದು ಬೇರೆಯವರ ಮಕ್ಕಳ ಕೆಲಸ. ಈ ನಂಬಿಕೆಯ ಮೇಲೆ ಎಂಥ ಪಠ್ಯಕ್ರಮ ಮಾಡಿದರೂ ಅದು ಬೀಳುತ್ತದೆ, ಬೀಳುತ್ತಲೇ ಬಂದಿದೆ. ನನ್ನ ವಾದ ಇದಕ್ಕೆ ತಿರುಗುಮುರುಗು. ಕಟ್ಟುವ ವಿದ್ಯೆಯನ್ನು ಪ್ರೌಢಶಾಲೆಯಲ್ಲಿ ಎಲ್ಲರಿಗೂ ಕಲಿಸಬೇಕು; ಮುಂದೆ ಎಂದೂ ಮೇಸ್ತ್ರಿ ಆಗದವರಿಗೆ ಎಲ್ಲರಿಗಿಂತ ಮೊದಲು ಕಲಿಸಬೇಕು.

ತಲೆಯ ಕೆಲಸ ಅಲ್ಲ ಎನ್ನುವವರು ಪಾಯದ ಗುರುತು ಹಾಕುವ ಬೆಳಿಗ್ಗೆ ಸೈಟಿನಲ್ಲಿ ನಿಂತು ನೋಡಿದರೆ ಸಾಕು. ಮೇಸ್ತ್ರಿ ಗೂಟ ಹೊಡೆದು ನೂಲು ಎಳೆಯುತ್ತಾನೆ. ಒಂದು ನೂಲಿನ ಮೇಲೆ ಮೂರು ಅಡಿ, ಅಡ್ಡ ನೂಲಿನ ಮೇಲೆ ನಾಲ್ಕು ಅಡಿ ಗುರುತಿಟ್ಟು ಅವೆರಡರ ನಡುವೆ ಟೇಪು ಹಿಡಿಯುತ್ತಾನೆ. ಐದು ಅಡಿ ಬಂದರೆ ಮೂಲೆ ಸರಿ, ಬಾರದಿದ್ದರೆ ಗೂಟ ಕದಲಬೇಕು. ದೊಡ್ಡ ಮನೆಯಾದರೆ ಆರು, ಎಂಟು, ಹತ್ತು. ಕೊನೆಗೆ ಕರ್ಣಗಳನ್ನು ಅಳೆದು ಎರಡೂ ಸಮವಾದ ಮೇಲೆಯೇ ಸುಣ್ಣದ ಗೆರೆ ಬೀಳುತ್ತದೆ. ಹತ್ತನೇ ತರಗತಿಯ ಗಣಿತದಲ್ಲಿ ಇದಕ್ಕೆ ಪೈಥಾಗೊರಸ್ ಪ್ರಮೇಯ ಎಂದು ಹೆಸರು. ಅದರ ಸಾಧನೆಯನ್ನು ಬಾಯಿಪಾಠ ಮಾಡಿ ಪೂರ್ತಿ ಅಂಕ ತೆಗೆದ ಹುಡುಗನಿಗೆ ನಾಲ್ಕು ಗೂಟ, ಒಂದು ನೂಲುಂಡೆ ಕೊಟ್ಟು ಶಾಲೆಯ ಬಯಲಿನಲ್ಲಿ ಒಂದು ಚೌಕ ಹಾಕಿಸಿ ನೋಡಿ. ಮೇಸ್ತ್ರಿಗೆ ಸಾಧನೆ ಗೊತ್ತಿಲ್ಲ, ಹುಡುಗನಿಗೆ ಚೌಕ ಗೊತ್ತಿಲ್ಲ. ಇಬ್ಬರ ಅಜ್ಞಾನದಲ್ಲಿ ಒಬ್ಬನದಕ್ಕೆ ಮಾತ್ರ ನಾವು ಅಜ್ಞಾನ ಎನ್ನುತ್ತೇವೆ.

ವಿಜ್ಞಾನದ ಪುಸ್ತಕದ ಮೊದಲ ಅಧ್ಯಾಯಕ್ಕೆ ಬನ್ನಿ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕುದಿದು ಅರಳಿದ ಸುಣ್ಣವಾಗುತ್ತದೆ. ಅದನ್ನು ಗೋಡೆಗೆ ಬಳಿದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಎರಡು ಮೂರು ದಿನದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಹೊಳಪು ಪದರವಾಗುತ್ತದೆ. ಸಮೀಕರಣ ಸರಿದೂಗಿಸಿ ಎಂದು ಪ್ರಶ್ನೆ ಬರುತ್ತದೆ, ಮಕ್ಕಳು ಸರಿದೂಗಿಸುತ್ತಾರೆ. ಪಾಠ ಅಲ್ಲಿಗೆ ಮುಗಿಯಿತು. ನಿಜವಾಗಿ ಅದು ಶುರುವಾಗಬೇಕಾದ್ದು ಅಲ್ಲಿಂದ. ಬರೀ ಸುಣ್ಣದ ಗಾರೆ ಗಾಳಿ ತಾಗಿ ಗಟ್ಟಿಯಾಗುವುದಾದರೆ ನೀರೊಳಗಿನ ಕಟ್ಟಡಕ್ಕೆ ಏನು ಗತಿ? ಕನ್ನಂಬಾಡಿ ಕಟ್ಟೆಯನ್ನು 1911ರಿಂದ ಕಟ್ಟುವಾಗ ಎದುರಾದ ಪ್ರಶ್ನೆ ಇದು. ಸಿಮೆಂಟು ಆಗ ಈ ದೇಶದಲ್ಲಿ ಸಾಕಷ್ಟು ತಯಾರಾಗುತ್ತಿರಲಿಲ್ಲ. ಸುಟ್ಟ ಜೇಡಿಮಣ್ಣಿನ ಪುಡಿಯನ್ನು, ಅಂದರೆ ಸುರ್ಕಿಯನ್ನು, ಸುಣ್ಣಕ್ಕೆ ಬೆರೆಸಿದ ಗಾರೆಯಲ್ಲಿ ಕಟ್ಟೆ ಎದ್ದಿತು. ಸುಟ್ಟ ಮಣ್ಣಿನ ಸಿಲಿಕ ಸುಣ್ಣದೊಡನೆ ಕೂಡಿ ನೀರಿನಲ್ಲೂ ಗಟ್ಟಿಯಾಗುತ್ತದೆ. ಆ ಕಟ್ಟೆಯ ಎಂಜಿನಿಯರ್ ವಿಶ್ವೇಶ್ವರಯ್ಯನವರ ಜನ್ಮದಿನಕ್ಕೆ ಪ್ರತಿ ಶಾಲೆಯಲ್ಲೂ ಭಾಷಣ ನಡೆಯುತ್ತದೆ. ಬೀದಿದೀಪದ ಬೆಳಕಿನಲ್ಲಿ ಓದಿದ ಕಥೆ ತಪ್ಪದೆ ಬರುತ್ತದೆ, ಸುರ್ಕಿ ಬರುವುದಿಲ್ಲ. ಒಂದು ಮುಷ್ಟಿ ಇಟ್ಟಿಗೆ ಪುಡಿ, ಒಂದು ಮುಷ್ಟಿ ಸುಣ್ಣ ಕಲಸಿ ಅಚ್ಚು ಮಾಡಿ, ಬರೀ ಸುಣ್ಣದ ಇನ್ನೊಂದು ಅಚ್ಚಿನೊಡನೆ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ತಿಂಗಳ ಮೇಲೆ ಎರಡನ್ನೂ ಬಕೆಟ್ಟಿನಲ್ಲಿ ಮುಳುಗಿಸಿ ನೋಡುವುದಕ್ಕೆ ಯಾವ ಪ್ರಯೋಗಾಲಯದ ಅನುದಾನವೂ ಬೇಕಿಲ್ಲ.

ಸಿಮೆಂಟಿನದೂ ಇದೇ ಕಥೆ. ಕಾಂಕ್ರೀಟಿಗೆ ನೀರು ಹೆಚ್ಚಾದಷ್ಟೂ ಸಲೀಸಾಗಿ ಹರಿಯುತ್ತದೆ, ಎಳೆಯುವವನ ತೋಳಿಗೆ ಹಗುರ. ಹಾಗಾಗಿ ಸ್ಲ್ಯಾಬ್ ಹಾಕುವ ದಿನ ಮಿಕ್ಸರಿಗೆ ಒಂದು ಬಕೆಟ್ ಹೆಚ್ಚಿಗೆ ಸುರಿಯುವುದು ವಾಡಿಕೆ. ಆ ಹೆಚ್ಚಿನ ನೀರು ಆಮೇಲೆ ಆವಿಯಾಗಿ ಹೋಗುತ್ತದೆ, ಹೋದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ, ಬಲ ಕುಗ್ಗುತ್ತದೆ. ನೀರಿಗೂ ಸಿಮೆಂಟಿಗೂ ಇರುವ ಅನುಪಾತವೇ ಬಲವನ್ನು ನಿರ್ಧರಿಸುತ್ತದೆ ಎಂದು ಡಫ್ ಏಬ್ರಮ್ಸ್ ಎಂಬ ಅಮೆರಿಕದ ಸಂಶೋಧಕ ತೋರಿಸಿಕೊಟ್ಟದ್ದು 1918ರಲ್ಲಿ. ಐವತ್ತು ಕೆ.ಜಿ. ಚೀಲಕ್ಕೆ 25 ಲೀಟರ್ ಎಂದರೆ ಅನುಪಾತ ಅರ್ಧ, 35 ಲೀಟರ್ ಎಂದರೆ 0.7. ಇದು ಏಳನೇ ತರಗತಿಯ ಲೆಕ್ಕ. ಮೂರು ಅನುಪಾತದಲ್ಲಿ ಮೂರು ಮೂರು ಕ್ಯೂಬ್ ಎರಕಹೊಯ್ದು 28 ದಿನ ನೀರಿನಲ್ಲಿಟ್ಟು ಹತ್ತಿರದ ಪಾಲಿಟೆಕ್ನಿಕ್‌ಗೆ ಒಯ್ದು ಯಂತ್ರದಲ್ಲಿ ಒಡೆಸಿದರೆ ಮಕ್ಕಳೇ ಗ್ರಾಫ್ ಬರೆಯುತ್ತಾರೆ. ಹುಡುಗರಿಗೆ ಯಾವುದನ್ನಾದರೂ ಒಡೆಯುವುದೆಂದರೆ ಇಷ್ಟ. ಆ ಇಷ್ಟವನ್ನು ವಿಜ್ಞಾನದ ಲೆಕ್ಕಕ್ಕೆ ಜಮಾ ಮಾಡುವ ಇಂಥ ಅವಕಾಶ ಬೇರೆ ಎಲ್ಲಿದೆ?

ಹಾಗಾದರೆ ಸರ್ಕಾರ ‘ಕೌಶಲ’ ‘ಕೌಶಲ’ ಎನ್ನುತ್ತಿರುವುದು ಒಳ್ಳೆಯದೇ ಅಲ್ಲವೇ ಎಂದು ಕೇಳಬಹುದು. ಇಲ್ಲಿಯೇ ನನಗೆ ತಕರಾರು. ನಮ್ಮಲ್ಲಿ ಕೈಕೆಲಸ ಶಾಲೆಯ ಬಾಗಿಲು ತಟ್ಟಿದಾಗಲೆಲ್ಲ ನಾವು ಅದನ್ನು ಮೊದಲು ಕೇಳಿದ್ದು ನಿನ್ನಿಂದ ಎಷ್ಟು ಸಂಪಾದನೆ ಎಂದು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮಿನಲ್ಲಿ ಕಸುಬಿನ ಮೂಲಕವೇ ಎಲ್ಲ ವಿಷಯ ಕಲಿಯಬೇಕು ಎಂಬ ದೊಡ್ಡ ವಿಚಾರವಿತ್ತು. ಅದರ ಪಕ್ಕದಲ್ಲೇ ಮಕ್ಕಳು ತಯಾರಿಸಿದ ವಸ್ತುವಿನಿಂದ ಮೇಷ್ಟರ ಸಂಬಳ ಹುಟ್ಟಬೇಕು ಎಂಬ ಲೆಕ್ಕವೂ ಇತ್ತು. ಜನ ಹಿಡಿದುಕೊಂಡದ್ದು ಲೆಕ್ಕವನ್ನು, ಜಗಳವಾಡಿದ್ದೂ ಅದರ ಮೇಲೆಯೇ. ವಿಚಾರ ತಕಲಿಯ ನೂಲಿನಲ್ಲಿ ಸಿಕ್ಕಿಕೊಂಡಿತು. ಆಮೇಲೆ ಕೊಠಾರಿ ಆಯೋಗದ ಕಾರ್ಯಾನುಭವ ಬಂತು, ಎಪ್ಪತ್ತರ ದಶಕದ ಕೊನೆಗೆ ಸಮಾಜೋಪಯೋಗಿ ಉತ್ಪಾದಕ ಕೆಲಸ ಎಂಬ ಎಸ್‌ಯುಪಿಡಬ್ಲ್ಯು ಬಂತು. ಆ ಕಾಲದಲ್ಲಿ ಶಾಲೆಗೆ ಹೋದವರಿಗೆ ಅದರ ಅರ್ಥ ಗೊತ್ತಿದೆ: ಶನಿವಾರ ಕಸ ಗುಡಿಸುವುದು, ಗಿಡಕ್ಕೆ ನೀರು ಹೊರುವುದು, ಮೇಷ್ಟರು ನೆರಳಿನಲ್ಲಿ ಕೂರುವುದು. ಶ್ರಮಗೌರವ ಎಂಬ ಹೆಸರು ಬೇರೆ.

1986ರ ಶಿಕ್ಷಣ ನೀತಿ ಪಿಯುಸಿ ಹಂತದ ಶೇ 10ರಷ್ಟು ಮಕ್ಕಳು 1990ಕ್ಕೂ, ಶೇ 25ರಷ್ಟು ಮಕ್ಕಳು 1995ಕ್ಕೂ ವೃತ್ತಿ ಶಿಕ್ಷಣದಲ್ಲಿರಬೇಕು ಎಂದಿತು. ಯಾಕೆ ಎಂಬುದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದನ್ನು ಗಮನಿಸಬೇಕು. ಆಸಕ್ತಿಯಾಗಲಿ ಗುರಿಯಾಗಲಿ ಇಲ್ಲದೆ ಉನ್ನತ ಶಿಕ್ಷಣಕ್ಕೆ ನುಗ್ಗುವವರಿಗೆ ಬೇರೆ ದಾರಿ ತೋರಿಸುವುದಂತೆ. ಅಂದರೆ ಕಾಲೇಜಿನ ಬಾಗಿಲಲ್ಲಿ ಗುಂಪು ಚದುರಿಸುವ ಕೆಲಸ. ಗುಂಪು ಚದುರಿಸಲು ತೆರೆದ ಓಣಿಗೆ ಸ್ವಂತ ಇಷ್ಟದಿಂದ ಯಾರು ಹೋಗುತ್ತಾರೆ? ಕರ್ನಾಟಕದಲ್ಲಿ ಪಿಯು ಮಟ್ಟದ ಜೆಒಸಿ (ಉದ್ಯೋಗಾಧಾರಿತ) ಕೋರ್ಸುಗಳು ಎಪ್ಪತ್ತರ ದಶಕದಿಂದ ನಡೆದು, ಅರೆಕಾಲಿಕ ಉಪನ್ಯಾಸಕರ ಗೋಳಿನ ಸುದ್ದಿಯಾಗಿ ಉಳಿದು, ಕೊನೆಗೆ ಮುಚ್ಚಿಹೋದವು. 2020ರ ನೀತಿ ಅರ್ಧದಷ್ಟು ಮಕ್ಕಳಿಗೆ 2025ರೊಳಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕು ಎಂದಿತು, ಆರರಿಂದ ಎಂಟನೇ ತರಗತಿಯವರಿಗೆ ಬ್ಯಾಗಿಲ್ಲದ ಹತ್ತು ದಿನ ಎಂದಿತು. ಹತ್ತು ದಿನ ಒಬ್ಬ ಬಡಗಿಯನ್ನೋ ಕುಂಬಾರನನ್ನೋ ನೋಡಿ ಬಂದರೆ ಅದು ಪ್ರವಾಸ, ಪಾಠವಲ್ಲ.

ಕಟ್ಟಡದ ವಿಷಯದಲ್ಲಂತೂ ‘ಉದ್ಯೋಗಕ್ಕೆ ಸಿದ್ಧ’ ಎಂಬ ಮಾತಿಗೆ ಬುಡವೇ ಇಲ್ಲ. ಹತ್ತನೇ ತರಗತಿ ಮುಗಿಸಿದ ಹುಡುಗನಿಗೆ ಹದಿನಾರು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಹದಿನೆಂಟು ತುಂಬದವರಿಗೆ ಲೇಬರ್ ಕಾರ್ಡ್ ಕೊಡುವುದಿಲ್ಲ. 1996ರ ಕೇಂದ್ರ ಕಾನೂನಿನಲ್ಲೇ ಫಲಾನುಭವಿಯ ವಯಸ್ಸು 18ರಿಂದ 60 ಎಂದಿತ್ತು. ಒಂದು ಇಲಾಖೆ ಹದಿನಾರಕ್ಕೆ ಕೆಲಸಕ್ಕೆ ಸಿದ್ಧ ಎಂದು ಸರ್ಟಿಫಿಕೇಟು ಕೊಟ್ಟರೆ ಇನ್ನೊಂದು ಇಲಾಖೆ ಎರಡು ವರ್ಷ ಅವನನ್ನು ಕಾರ್ಮಿಕ ಎಂದೇ ಒಪ್ಪುವುದಿಲ್ಲ. ಆ ಎರಡು ವರ್ಷ ಅವನು ಸೈಟಿಗೆ ಹೋದರೆ ಹೋಗುವುದು ಲೆಕ್ಕಕ್ಕಿಲ್ಲದ ಕೈಯಾಳಾಗಿ, ವಿಮೆಯಿಲ್ಲದೆ, ಮೇಲಿಂದ ಬಿದ್ದರೆ ಕೇಳುವವರಿಲ್ಲದೆ. ಶಾಲೆ ಅವನನ್ನು ಅಲ್ಲಿಗೆ ದೂಡುವ ಏಜೆಂಟ್ ಆಗಬೇಕೆ? ಗಾರೆ ಕೆಲಸವನ್ನು ಕಸುಬಾಗಿ ಕಲಿಯುವವರಿಗೆ ಐಟಿಐ ಇದೆ, ಮೇಸ್ತ್ರಿಯ ಕೈಕೆಳಗಿನ ವರ್ಷಗಳಿವೆ. ಪ್ರೌಢಶಾಲೆಯ ಕೆಲಸ ಬೇರೆ. ಸಾಹಿತಿಗಳನ್ನು ತಯಾರಿಸಲು ನಾವು ಕನ್ನಡ ಪಾಠ ಮಾಡುತ್ತಿಲ್ಲ, ರಸಾಯನಶಾಸ್ತ್ರಜ್ಞರು ಬೇಕೆಂದು ರಸಾಯನಶಾಸ್ತ್ರ ಹೇಳಿಕೊಡುತ್ತಿಲ್ಲ. ಕಟ್ಟುವ ವಿದ್ಯೆಯನ್ನು ಮಾತ್ರ ಉದ್ಯೋಗದ ಸರ್ಟಿಫಿಕೇಟಿನೊಂದಿಗೇ ಒಳಗೆ ಬಿಡುತ್ತೇವೆ ಎಂಬ ಹಟ ಯಾಕೆ?

ಮೊದಲು ಹೇಳಿದ ತಿರಸ್ಕಾರದ, ಕನಿಕರದ ಎರಡು ಉತ್ತರಗಳಿಗಿಂತ ಗಟ್ಟಿಯಾದ, ನಾನು ಗೌರವಿಸುವ ಮೂರನೆಯ ಆಕ್ಷೇಪವೊಂದಿದೆ. ಅದು ಜಾತಿಯ ಕಡೆಯಿಂದ ಬರುವುದು. ಈ ನಾಡಿನಲ್ಲಿ ಕಲ್ಲು ಒಡೆದವರು, ಮಣ್ಣು ಹೊತ್ತವರು, ಗಾರೆ ಕಲಸಿದವರು ಯಾರು? ಭೋವಿಗಳು, ಉಪ್ಪಾರರು, ದಲಿತರು. ಅವರ ಮಕ್ಕಳು ಈಗಷ್ಟೇ ಪುಸ್ತಕ ಹಿಡಿದಿದ್ದಾರೆ. ಹಿಡಿದ ಪುಸ್ತಕ ಇಳಿಸಿ ಮತ್ತೆ ಬಾಂಡ್ಲಿ ಹೊರು ಎನ್ನುತ್ತೀರಾ? ಈ ಅನುಮಾನಕ್ಕೆ ಚರಿತ್ರೆಯ ಸಾಕ್ಷಿ ಇದೆ. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿದ್ದ ರಾಜಾಜಿ ಪ್ರಾಥಮಿಕ ಶಾಲೆಯ ಮಕ್ಕಳು ಅರ್ಧ ದಿನ ಶಾಲೆಯಲ್ಲಿದ್ದು ಉಳಿದ ಹೊತ್ತು ತಂದೆಯ ಕಸುಬು ಕಲಿಯಲಿ ಎಂದು ಹೊಸ ಯೋಜನೆ ತಂದರು. ವಿರೋಧಿಗಳು ಅದಕ್ಕೆ ಕುಲಕಲ್ವಿ, ಅಂದರೆ ಕುಲದ ವಿದ್ಯೆ, ಎಂದು ಹೆಸರಿಟ್ಟರು, ಪೆರಿಯಾರ್ ಬೀದಿಗಿಳಿದರು. ಮರುವರ್ಷ ರಾಜಾಜಿ ಅಧಿಕಾರ ಬಿಟ್ಟರು, ಕಾಮರಾಜ್ ಬಂದ ಕೂಡಲೇ ಯೋಜನೆಯನ್ನು ಕೈಬಿಟ್ಟರು. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸಿಗೇ ಸೇರಿತ್ತು. ಇದನ್ನು ಪಕ್ಕದ ರಾಜ್ಯದ ಕಥೆ ಎಂದು ತಳ್ಳಿಹಾಕುವಂತಿಲ್ಲ.

ಆ ಯೋಜನೆಯ ವಿರುದ್ಧ ಎದ್ದ ಸಿಟ್ಟು ನ್ಯಾಯವಾದದ್ದು. ಆದರೆ ಅದರಿಂದ ನಾವು ಕಲಿತ ಪಾಠ ಅರ್ಧ. ಕುಲಕಲ್ವಿಯ ವಿಷ ಇದ್ದದ್ದು ಕಸುಬಿನಲ್ಲಲ್ಲ, ಹಂಚಿಕೆಯಲ್ಲಿ. ಚಮ್ಮಾರನ ಮಗನಿಗೆ ಚರ್ಮ, ಕುಂಬಾರನ ಮಗನಿಗೆ ಮಣ್ಣು, ಪುರೋಹಿತನ ಮಗನಿಗೆ ಪುಸ್ತಕ. ಪುರೋಹಿತನ ಮಗ ಅರ್ಧ ದಿನ ಚರ್ಮ ಹದ ಮಾಡಬೇಕು ಎಂದಿದ್ದರೆ ಆ ಯೋಜನೆಗೆ ವಿರೋಧ ಬೇರೆ ಕಡೆಯಿಂದ ಬರುತ್ತಿತ್ತು, ಬಹುಶಃ ಒಂದು ವರ್ಷವೂ ಕಾಯುತ್ತಿರಲಿಲ್ಲ. ಕಸುಬನ್ನು ಶಾಲೆಯಿಂದ ಪೂರ್ತಿ ಹೊರಗಿಟ್ಟದ್ದರಿಂದ ಜಾತಿ ಸಡಿಲವಾಯಿತೇ? ಇಲ್ಲ. ಕೈಕೆಲಸದವರ ಮಕ್ಕಳಿಗೆ ತಮ್ಮ ಮನೆಯ ತಿಳಿವಳಿಕೆಗೆ ಶಾಲೆಯಲ್ಲಿ ಕವಡೆ ಕಿಮ್ಮತ್ತೂ ಇಲ್ಲ ಎಂದು ಮನದಟ್ಟಾಯಿತು, ಪುಸ್ತಕದವರ ಮಕ್ಕಳಿಗೆ ಪುಸ್ತಕವೊಂದೇ ತಿಳಿವಳಿಕೆ ಎಂದು ಇನ್ನಷ್ಟು ಮನದಟ್ಟಾಯಿತು. ಅಪ್ಪ ಮೇಸ್ತ್ರಿಯಾಗಿರುವ ಹುಡುಗಿಗೆ ನೂಲು, ತೂಗುಗುಂಡು, ಮಟ್ಟದ ಬಗ್ಗೆ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿರುತ್ತದೆ. ಅದನ್ನು ಹೇಳುವ ಸಂದರ್ಭ ಹತ್ತು ವರ್ಷದ ಶಾಲೆಯಲ್ಲಿ ಒಮ್ಮೆಯೂ ಬರುವುದಿಲ್ಲ. ಅಪ್ಪನ ಕೆಲಸ ಏನು ಎಂದು ಕೇಳಿದಾಗ ‘ಬಿಲ್ಡಿಂಗ್ ಲೈನಿನಲ್ಲಿದ್ದಾರೆ’ ಎಂದು ಮೆಲ್ಲಗೆ ಹೇಳಿ ಕೂರುತ್ತಾಳೆ.

ಹಾಗಾಗಿ ಐಚ್ಛಿಕ ಎಂಬ ಪದವನ್ನೇ ನಾನು ಒಪ್ಪುವುದಿಲ್ಲ. ಐಚ್ಛಿಕವಾದ ಮರುಗಳಿಗೆಯಲ್ಲಿ ಯಾರು ಇತ್ತ, ಯಾರು ಅತ್ತ ಎಂಬುದನ್ನು ಹಾಜರಿ ಪುಸ್ತಕ ನೋಡದೆ ಊಹಿಸಬಹುದು. ಫಿನ್ಲೆಂಡ್ 1866ರಷ್ಟು ಹಿಂದೆಯೇ ಜನಸಾಮಾನ್ಯರ ಶಾಲೆಗಳಲ್ಲಿ ಕೈಕೆಲಸವನ್ನು ಕಡ್ಡಾಯ ಮಾಡಿತು. ಇವತ್ತಿಗೂ ಅಲ್ಲಿನ ಮಕ್ಕಳು ಏಳನೇ ತರಗತಿಯವರೆಗೆ ಎಲ್ಲರೂ ಅದನ್ನು ಕಲಿಯುತ್ತಾರೆ, ಡಾಕ್ಟರ ಮಗನೂ ಸೇರಿ. ಆ ದೇಶಕ್ಕೆ ನಮ್ಮ ಜಾತಿಯ ಹೊರೆ ಇಲ್ಲ, ನಿಜ. ಹೊರೆ ಇರುವವರಿಗಲ್ಲವೇ ಇದು ಹೆಚ್ಚು ಬೇಕಾದದ್ದು?

ದೂರದ ಉದಾಹರಣೆ ಬೇಡವೆನ್ನುವವರಿಗೆ ಪುಣೆಯ ಹತ್ತಿರದ ಪಾಬಳ್ ಇದೆ. ಅಮೆರಿಕದಲ್ಲಿ ಪಿಎಚ್.ಡಿ. ಮಾಡಿ, ಹಿಂದುಸ್ತಾನ್ ಲೀವರ್ ಕಂಪನಿಯ ಸಂಶೋಧನಾ ವಿಭಾಗದಲ್ಲಿದ್ದ ಎಸ್.ಎಸ್. ಕಲಬಾಗ್ ಎಂಬ ವಿಜ್ಞಾನಿ ಕೆಲಸ ಬಿಟ್ಟು 1983ರಲ್ಲಿ ಆ ಬರದ ಸೀಮೆಯ ಹಳ್ಳಿಯಲ್ಲಿ ವಿಜ್ಞಾನ ಆಶ್ರಮ ತೆರೆದರು. ಹಳ್ಳಿಯ ಪ್ರೌಢಶಾಲೆಯ ಎಂಟರಿಂದ ಹತ್ತನೇ ತರಗತಿಯ ಮಕ್ಕಳು ವಾರಕ್ಕೊಂದು ದಿನ ಕೈಯಿಂದ ಕೆಲಸ ಮಾಡುತ್ತಾ ಕಲಿಯುವ ಕ್ರಮ ಅವರದು. ಕಟ್ಟಡ ಮತ್ತು ವರ್ಕ್‌ಶಾಪ್ ಕೆಲಸ, ಶಕ್ತಿ ಮತ್ತು ಪರಿಸರ, ಮನೆ ಮತ್ತು ಆರೋಗ್ಯ, ಬೇಸಾಯ ಮತ್ತು ಪಶುಪಾಲನೆ ಎಂದು ನಾಲ್ಕು ಭಾಗ. ಮಾಡಿದ್ದನ್ನು ಕೆಡವಿ ಎಸೆಯುವ ಅಭ್ಯಾಸ ಅಲ್ಲಿಲ್ಲ. ಊರಿಗೆ ಬೇಕಾದದ್ದನ್ನೇ ಮಾಡಿಕೊಡಬೇಕು. ಆಶ್ರಮದ ಗುಮ್ಮಟದಾಕಾರದ ಮನೆಗಳನ್ನು ತ್ರಿಕೋನಗಳನ್ನು ಜೋಡಿಸಿ ಕಟ್ಟುತ್ತಾರೆ. 1993ರ ಲಾತೂರ್ ಭೂಕಂಪದ ಮೇಲೆ ಆ ಮಾದರಿಗೆ ಹೊರಗೂ ಬೇಡಿಕೆ ಬಂತು. ಮಹಾರಾಷ್ಟ್ರದ ಪರೀಕ್ಷಾ ಮಂಡಳಿ ಇದನ್ನು ವಿಷಯವಾಗಿ ಮಾನ್ಯ ಮಾಡಿದೆ. ಪಾಬಳ್ ಎಲ್ಲವನ್ನೂ ಸಾಧಿಸಿಲ್ಲ. ಅದು ಹಳ್ಳಿಯ ಮಕ್ಕಳಿಗೆ ಎಂಬ ಮುದ್ರೆ ಒತ್ತಿಸಿಕೊಂಡೇ ಬೆಳೆಯಿತು, ಪೇಟೆಯ ಕಾನ್ವೆಂಟುಗಳು ಅತ್ತ ತಿರುಗಿ ನೋಡಲಿಲ್ಲ. ಆದರೆ ಹದಿಮೂರು ಹದಿನಾಲ್ಕು ವಯಸ್ಸಿನವರಿಗೆ ಇದನ್ನು ಕಲಿಸಲಾಗದು ಎಂಬ ಮಾತಿಗೆ ಅಲ್ಲಿ ನಾಲ್ಕು ದಶಕದ ಉತ್ತರವಿದೆ.

ನಮ್ಮಲ್ಲೂ ಪಾಠಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತವರ ಸಂಗಡಿಗರು ನಮ್ಮ ಕೆಂಪು ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವ ಬಗೆಯನ್ನು ಹದಗೊಳಿಸಿದರು. ಯಾವ ಮಣ್ಣು ಆದೀತು ಎಂದು ಪರೀಕ್ಷಿಸುವ ಒಂದು ಸುಲಭ ದಾರಿ ಒಂದು ಗಾಜಿನ ಬಾಟಲಿ. ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟರೆ ಮರಳು ಕೆಳಗೆ, ನುಣುಪು ಮಣ್ಣು ನಡುವೆ, ಜೇಡಿ ಮೇಲೆ ಪದರ ಪದರವಾಗಿ ಕೂರುತ್ತದೆ. ಸ್ಕೇಲಿಟ್ಟು ಅಳೆದರೆ ಯಾವುದು ಎಷ್ಟು ಎಂದು ಅಂದಾಜು ಸಿಗುತ್ತದೆ. ತಿರುವನಂತಪುರದ ವಾಸ್ತುಶಿಲ್ಪಿ ಲಾರಿ ಬೇಕರ್ ಇಟ್ಟಿಗೆಯನ್ನು ಮಲಗಿಸದೆ ಮಗ್ಗುಲಾಗಿ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಗೋಡೆ ಕಟ್ಟಿಸುತ್ತಿದ್ದರು. ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಒಳಗಿನ ಗಾಳಿ ಸೆಕೆಯನ್ನೂ ತಡೆಯುತ್ತದೆ. ಎಷ್ಟು ಇಟ್ಟಿಗೆ ಉಳಿಯಿತು ಎಂದು ಲೆಕ್ಕ ಹಾಕುವುದು ಘನಫಲದ ಅಧ್ಯಾಯ, ಸೆಕೆ ಯಾಕೆ ತಡೆಯಿತು ಎಂಬುದು ಉಷ್ಣದ ಅಧ್ಯಾಯ. ಕರಾವಳಿಯ ಶಾಲೆಗೆ ಕೆಂಪುಕಲ್ಲು ಇದೆ, 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಶುರುಮಾಡಿದ ಹಂಚಿನ ಕಥೆ ಇದೆ. ಕಲಬುರಗಿಯ ಕಡೆಗೆ ಶಹಾಬಾದ್ ಕಲ್ಲು, ಕೋಲಾರದ ಕಡೆಗೆ ಚಪ್ಪಡಿ. ಇಡೀ ರಾಜ್ಯಕ್ಕೆ ಒಂದೇ ಪುಸ್ತಕ ಅಚ್ಚು ಹಾಕಿಸುವ ಇಲಾಖೆಯ ಚಟಕ್ಕೆ ಈ ವಿಷಯ ಒಗ್ಗುವುದಿಲ್ಲ. ಅದೇ ಇದರ ಒಂದು ಗುಣ.

ಅಪಾಯದ ಮಾತು ಬರುತ್ತದೆ, ಬರಲೇಬೇಕು. ಒದ್ದೆ ಸಿಮೆಂಟು ಚರ್ಮವನ್ನು ಸುಡುತ್ತದೆ, ಕಲ್ಲುಪುಡಿ ಶ್ವಾಸಕೋಶಕ್ಕೆ ಕೇಡು, ಎತ್ತರ ಎಂದರೆ ಸಾವು. ಆದ್ದರಿಂದ ಶಾಲೆಯ ಗೋಡೆ ಎದೆಮಟ್ಟ ದಾಟಬಾರದು, ಕಟಿಂಗ್ ಯಂತ್ರ ಬೇಡ, ಕೈಗವಸು ಕಡ್ಡಾಯ. ಅಭ್ಯಾಸದ ಗೋಡೆಯನ್ನು ಮಣ್ಣಿನ ಗಾರೆಯಲ್ಲೋ ಸುಣ್ಣ ಮರಳಿನ ಸಡಿಲ ಗಾರೆಯಲ್ಲೋ ಕಟ್ಟಿಸಿದರೆ ಸಂಜೆ ಕೆಡವಿ ಅದೇ ಇಟ್ಟಿಗೆಯನ್ನು ಮರುದಿನ ಇನ್ನೊಂದು ತಂಡಕ್ಕೆ ಕೊಡಬಹುದು. ಖರ್ಚು ಕಡಿಮೆ, ತಪ್ಪು ಮಾಡಲು ಧೈರ್ಯ ಹೆಚ್ಚು. ಇದರಲ್ಲಿ ಹೊಸದೇನಿಲ್ಲ, ಗಾರೆ ಕೆಲಸ ಕಲಿಸುವ ತರಬೇತಿ ಶಾಲೆಗಳು ಮಾಡುವುದೇ ಇದು. ಇಟ್ಟಿಗೆಯ ಮೂರು ವರಸೆಗೊಮ್ಮೆ ತೂಗುಗುಂಡು ಇಳಿಬಿಟ್ಟು ನೋಡು, ಸಂದು ಸಂದಿನ ಮೇಲೆ ಬಂದಿದೆಯೇ ನೋಡು, ಬಂದಿದ್ದರೆ ಬಿಚ್ಚು. ಪರೀಕ್ಷೆಯೂ ಅದೇ: ಒಂದು ಮೀಟರ್ ಎತ್ತರದಲ್ಲಿ ಗೋಡೆ ಎಷ್ಟು ಮಿಲಿಮೀಟರ್ ವಾಲಿದೆ ಎಂದು ಅಳೆದು ಅಂಕ. ಗೈಡು ಮಾರುವವರಿಗೆ ಮಾತ್ರ ಇದರಿಂದ ನಷ್ಟ.

ಹೆಣ್ಣುಮಕ್ಕಳಿಗೆ ಕರಣೆ ಕೊಡುವ ಜಾಗ ಶಾಲೆಯಲ್ಲದೆ ಬೇರೆಲ್ಲೂ ಸದ್ಯಕ್ಕೆ ಕಾಣುತ್ತಿಲ್ಲ. ಸೈಟಿನಲ್ಲಿ ಕೆಲಸ ಹಂಚಿದ್ದು ಯಾರು ಎಂದು ಯಾರೂ ಕೇಳುವುದಿಲ್ಲ. ಹೆಂಗಸಿನ ತಲೆಯ ಮೇಲೆ ಬಾಂಡ್ಲಿ, ಗಂಡಸಿನ ಕೈಯಲ್ಲಿ ಕರಣೆ. ಗಾರೆ ಹೊರುವುದು ಕಟ್ಟುವುದಕ್ಕಿಂತ ಭಾರದ ಕೆಲಸ, ಕೂಲಿ ಮಾತ್ರ ಕಡಿಮೆ. ಇಪ್ಪತ್ತು ವರ್ಷ ಮೇಸ್ತ್ರಿಯ ಪಕ್ಕದಲ್ಲೇ ನಿಂತ ಹೆಂಗಸು ಕೈಯಾಳಾಗಿಯೇ ಉಳಿಯುತ್ತಾಳೆ; ಅವಳ ಜೊತೆ ಬಂದ ಹುಡುಗ ಮೂರು ವರ್ಷದಲ್ಲಿ ಮೇಸ್ತ್ರಿಯಾಗುತ್ತಾನೆ. ಜಾರ್ಖಂಡಿನಲ್ಲಿ ಸ್ವಚ್ಛ ಭಾರತದ ಶೌಚಾಲಯ ಕಟ್ಟಲು ಮೇಸ್ತ್ರಿಗಳು ಸಾಲದೆ ಹೋದಾಗ ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟರು. ‘ರಾಣಿ ಮಿಸ್ತ್ರಿ’ ಎಂದು ಅವರು ಹೆಸರಾದರು. ಹೆಣ್ಣಿಗೆ ಇದು ಆಗದು ಎಂಬ ಮಾತು ಅಲ್ಲಿ ಗಂಡಾಳು ಸಿಗದಿದ್ದಾಗ ಕರಗಿತೆಂದರೆ, ಅದಕ್ಕೆ ಮೊದಲೂ ಅದು ನಂಬಿಕೆಯಾಗಿರಲಿಲ್ಲ, ಅನುಕೂಲವಾಗಿತ್ತು. ಒಂಬತ್ತನೇ ತರಗತಿಯಲ್ಲಿ ಹುಡುಗ ಗಾರೆ ಹೊತ್ತು ತಂದು ಕೊಟ್ಟು, ಹುಡುಗಿ ವರಸೆ ಎಳೆದರೆ, ಮರುವಾರ ಅದಲು ಬದಲಾದರೆ, ಅದರ ಪರಿಣಾಮ ಸಮಾನತೆಯ ಮೇಲಿನ ಎಷ್ಟೋ ಪ್ರಬಂಧ ಸ್ಪರ್ಧೆಗಳಿಗಿಂತ ಹೆಚ್ಚು.

ಕಲಿಸುವವರು ಯಾರು? ಬಿ.ಇಡಿ. ಆದವರಿಗೆ ಕರಣೆ ಹಿಡಿಯಲು ಬಾರದು, ಕರಣೆ ಹಿಡಿದವರಿಗೆ ಬಿ.ಇ‌ಡಿ. ಇಲ್ಲ. 2020ರ ನೀತಿ ಸ್ಥಳೀಯ ಕಸುಬುದಾರರನ್ನು ಬೋಧಕರನ್ನಾಗಿ ಕರೆಯಬಹುದು ಎನ್ನುತ್ತದೆ. ಕರೆಯುವುದು ಸುಲಭ, ಕುರ್ಚಿ ಕೊಡುವುದು, ಸ್ಟಾಫ್ ರೂಮಿನಲ್ಲಿ ಟೀ ಕೊಡುವುದು, ಗಣಿತದ ಮೇಷ್ಟರಿಗೆ ಕೊಡುವಷ್ಟು ಸಂಬಳವನ್ನು ಗಂಟೆಯ ಲೆಕ್ಕಕ್ಕಾದರೂ ಕೊಡುವುದು ಕಷ್ಟ. ವಿಷಯ ನಿಲ್ಲುವುದೂ ಬೀಳುವುದೂ ಇದರ ಮೇಲೆ. ಮೇಸ್ತ್ರಿ ತೋರಿಸಲಿ, ಗಣಿತದ ಮೇಷ್ಟರು ಪಕ್ಕದಲ್ಲಿದ್ದು ಯಾಕೆ ಎಂದು ಬಿಡಿಸಲಿ. ಹಾಗೆ ನಿಂತಾಗ ಮೇಸ್ತ್ರಿಯೂ ಒಂದಿಷ್ಟು ಕಲಿಯುತ್ತಾನೆ. ಅವನಿಗೆ ಯಾವ ಗುರುವೂ ‘ಯಾಕೆ’ ಹೇಳಿಕೊಟ್ಟಿಲ್ಲ, ‘ಹೀಗೆ’ ಎಂದಷ್ಟೇ ಹೇಳಿದ್ದು. ನಮ್ಮ ಸಿವಿಲ್ ಎಂಜಿನಿಯರಿಂಗ್ ಕಾಲೇಜುಗಳಿಂದ ಒಂದು ಇಟ್ಟಿಗೆಯನ್ನೂ ಕೈಯಾರೆ ಇಡದೆ ಹೊರಬರುವ ಪದವೀಧರರಿಗೆ ಈ ಜೋಡಿ ಸಿಕ್ಕಿದ್ದರೆ ಚೆನ್ನಾಗಿತ್ತು.

ಮೇಸ್ತ್ರಿ ಆಗದವರಿಗೆ ಮೊದಲು ಕಲಿಸಬೇಕು ಎಂದೆನಲ್ಲ, ಯಾಕೆ ಎಂಬುದಕ್ಕೆ ಬರುತ್ತೇನೆ. 2022ರ ನವೆಂಬರ್‌ನಲ್ಲಿ ಸರ್ಕಾರ ‘ವಿವೇಕ’ ಎಂಬ ಹೆಸರಿನಲ್ಲಿ ಸಾವಿರಾರು ಶಾಲಾ ಕೊಠಡಿಗಳನ್ನು ಕಟ್ಟಲು ಹೊರಟಿತು. ವಾರಗಟ್ಟಲೆ ಚರ್ಚೆ ನಡೆಯಿತು, ಟಿ.ವಿ.ಯಲ್ಲಿ, ವಿಧಾನಸೌಧದ ಮೆಟ್ಟಿಲಲ್ಲಿ, ಸಂಪಾದಕೀಯಗಳಲ್ಲಿ. ವಿಷಯ ಗೋಡೆಗೆ ಬಳಿಯುವ ಬಣ್ಣ. ಕೇಸರಿಯೋ ಅಲ್ಲವೋ ಎಂಬ ಬಗ್ಗೆ ಅಭಿಪ್ರಾಯವಿಲ್ಲದವರು ರಾಜ್ಯದಲ್ಲಿ ಇರಲಿಲ್ಲ. ಆ ಕೊಠಡಿಯ ಕಿಟಕಿ ಯಾವ ದಿಕ್ಕಿಗೆ, ಮಳೆ ಸೀಮೆಯಲ್ಲೂ ಬಯಲುಸೀಮೆಯಲ್ಲೂ ಒಂದೇ ಸ್ಲ್ಯಾಬೇ, ಕ್ಯೂರಿಂಗಿಗೆ ನೀರು ಎಷ್ಟು ದಿನ ಬಿತ್ತು ಎಂಬುದರ ಬಗ್ಗೆ ಅಭಿಪ್ರಾಯ ಇದ್ದವರ ದನಿ ಎಲ್ಲೂ ಕೇಳಲಿಲ್ಲ. ಪಾಠ ಕಲಿತ ಸಮಾಜವೊಂದು ತನ್ನ ಕಟ್ಟಡದ ಬಗ್ಗೆ ಮಾತಾಡಬಲ್ಲದ್ದು ಬಣ್ಣದ ಮಟ್ಟಕ್ಕಷ್ಟೇ ಎಂದಾಯಿತು.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಮಂದಿ ಸತ್ತರು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಇನ್ನೊಂದು. ಶಾಲೆಯ ಪಾಠವೊಂದು ಅವನ್ನು ತಡೆಯುತ್ತಿತ್ತು ಎನ್ನುವ ಹುಂಬತನ ನನಗಿಲ್ಲ; ಅಲ್ಲಿ ಕಾನೂನು, ಹಣ, ಅನುಮತಿ ಎಲ್ಲದರ ಪ್ರಶ್ನೆಯಿದೆ. ಆದರೆ ಅನುಮತಿ ಕೊಡುವ ಗುಮಾಸ್ತ, ಹಣ ಹಾಕುವ ಮಾಲೀಕ, ಮಹಡಿಯ ಮೇಲೆ ಮಹಡಿ ಏರಿಸು ಎನ್ನುವ ಬಿಲ್ಡರ್, ವರದಿ ಬರೆಯುವ ಪತ್ರಕರ್ತ ಎಲ್ಲರೂ ಪ್ರೌಢಶಾಲೆ ದಾಟಿ ಬಂದವರು. ಕಂಬದ ಕಬ್ಬಿಣ ಹೊರಗೆ ಕಾಣುತ್ತಿದ್ದರೆ ಅದು ಯಾಕೆ ಕೆಟ್ಟದ್ದು ಎಂದು ಅವರಲ್ಲಿ ಯಾರಿಗೂ ಯಾರೂ ಹೇಳಿಕೊಟ್ಟಿಲ್ಲ. ಗೊತ್ತಿದ್ದದ್ದು ಬಾರ್ ಬೆಂಡರ್‌ಗೆ. ಅವನ ಮಾತಿಗೆ ಸೈಟಿನಲ್ಲಿ ಬೆಲೆಯಿಲ್ಲ. ಗೊತ್ತಿರುವವರಿಗೆ ಮಾತಿನ ಅಧಿಕಾರವಿಲ್ಲ, ಅಧಿಕಾರವಿರುವವರಿಗೆ ಗೊತ್ತಿಲ್ಲ. ಕಸುಬನ್ನು ಬಡವರ ಮಕ್ಕಳಿಗಷ್ಟೇ ಕಲಿಸುವ ಯೋಜನೆ ಈ ಅಂತರವನ್ನು ಮುಟ್ಟುವುದೂ ಇಲ್ಲ. ಗೊತ್ತಿರುವವರ ಸಂಖ್ಯೆಗೆ ಇನ್ನಷ್ಟು ಜನ ಸೇರುತ್ತಾರೆ, ಅಷ್ಟೆ.

ಪ್ರಾಯೋಗಿಕವಾಗಿ ಶುರು ಮಾಡುವುದಾದರೆ, ಇಲಾಖೆಯ ಅಭ್ಯಾಸದಂತೆ ಯಾದಗಿರಿಯ, ರಾಯಚೂರಿನ ಸರ್ಕಾರಿ ಪ್ರೌಢಶಾಲೆಗಳನ್ನು ಆರಿಸುತ್ತಾರೆ. ಬೆಂಗಳೂರಿನ ಸೈಟುಗಳಿಗೆ ಗುಳೆ ಬರುವವರ ಮಕ್ಕಳೇ ಅಲ್ಲಿ ಓದುತ್ತಿರುವುದು. ‘ಹಿಂದುಳಿದ ತಾಲ್ಲೂಕುಗಳಿಗೆ ಆದ್ಯತೆ’ ಎಂಬ ಶೀರ್ಷಿಕೆಯೂ ಸಿದ್ಧವಾಗಿರುತ್ತದೆ. ನನ್ನ ಸಲಹೆ ಬೇರೆ. ಮೊದಲ ಮೂರು ವರ್ಷ ಇದನ್ನು ಬೆಂಗಳೂರಿನ ಜಯನಗರ, ಮೈಸೂರಿನ ಕುವೆಂಪುನಗರ, ಹುಬ್ಬಳ್ಳಿಯ ವಿದ್ಯಾನಗರದಂಥ ಬಡಾವಣೆಗಳ ಖಾಸಗಿ ಶಾಲೆಗಳಲ್ಲಿ, ಸಿಬಿಎಸ್ಇ ಐಸಿಎಸ್ಇ ಎಂಬ ವಿನಾಯಿತಿ ಇಲ್ಲದೆ, ಒಂಬತ್ತನೇ ತರಗತಿಗೆ ಕಡ್ಡಾಯ ಮಾಡಲಿ. ವಾರಕ್ಕೆ ಮೂರು ಪೀರಿಯಡ್, ಅಂಕ ಗಣಿತದಷ್ಟೇ. ಪಾಲಕರ ಸಭೆಯಲ್ಲಿ ಏಳುವ ಗದ್ದಲವನ್ನು ಇಲಾಖೆ ಸಾವಧಾನವಾಗಿ ಬರೆದಿಟ್ಟುಕೊಳ್ಳಲಿ. ಅದನ್ನು ಗೆದ್ದು ಬಂದ ಮೇಲೆ ಯಾದಗಿರಿಗೆ ಹೋಗುವಾಗ ಅಲ್ಲಿನ ಅಪ್ಪ ಅಮ್ಮಂದಿರು ಕೇಳುವ ‘ನಮ್ಮ ಮಕ್ಕಳಿಗೇ ಯಾಕೆ?’ ಎಂಬ ಪ್ರಶ್ನೆಗೆ ಕೊಡಲು ಕೈಯಲ್ಲೊಂದು ಉತ್ತರ ಇರುತ್ತದೆ.